ಮೊದಲು ರಫೂ, ಆಮೇಲೆ ನೀರು

"ಅಂಗಿ ನಿಮ್ಮ ಹತ್ರಾನೇ ಇದ್ಯಾ?" ವಕೀಲೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ನಾಲ್ಕು ತಿಂಗಳಿಂದ ಯಾಕಮ್ಮಾ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಮೇಡಂ," ಎಂದಳು ತಾಯಿ. "ಶವಾಗಾರದವನು ಚೀಲದಲ್ಲಿ ಹಾಕಿ ಕೊಟ್ಟ. ಚಪ್ಪಲೀನೂ ಕೊಟ್ಟ, ಒಂದೇ ಕಾಲಿಂದು."

ಸೇತುವೆಯ ಮೇಲೆ ಸತ್ತ ಮೂವರು ಹುಡುಗರಲ್ಲಿ ಅವಳ ಮಗನೂ ಒಬ್ಬ. ಅವರೇ ಮೊದಲು ಗುಂಡು ಹಾರಿಸಿದರು, ನಾವು ನಲವತ್ತು ಅಡಿ ದೂರದಿಂದ ತಿರುಗಿ ಹೊಡೆದೆವು ಎಂದು ಪೊಲೀಸರು ಬರೆದುಕೊಟ್ಟಿದ್ದರು. ಅವರ ಸಾಕ್ಷ್ಯವಸ್ತುಗಳ ಪಟ್ಟಿಯಲ್ಲಿ ಅಂಗಿಯ ಮುಂದೆ 'ಸಿಕ್ಕಿಲ್ಲ' ಎಂದಿತ್ತು.

"ಹತ್ತಿರದಿಂದ ಹೊಡೆದ್ರೆ ತೂತಿನ ಸುತ್ತ ಬಟ್ಟೆ ಸುಟ್ಟು ಕರ್ರಗಾಗುತ್ತೆ, ಮದ್ದಿನ ಮಸಿ ಕೂತಿರುತ್ತೆ. ನಲವತ್ತು ಅಡಿಯಿಂದ ಆಗಲ್ಲ," ವಕೀಲೆಯ ದನಿ ಏರಿತ್ತು. "ಸೋಮವಾರ ಕೊನೇ ದಿನ. ಏನೂ ಕೊಡದಿದ್ರೆ ಕೇಸು ಮುಚ್ಚಿಹಾಕ್ತಾರೆ. ತೆಗೀರಿ ಅಂಗೀನ."

ತಾಯಿ ಪಕ್ಕದಲ್ಲಿ ಕೂತಿದ್ದ ಮಗಳ ಮುಖ ನೋಡಿದಳು. ಆಮೇಲೆ ಚೀಲದಿಂದ ತಿಳಿನೀಲಿ ಅಂಗಿ ತೆಗೆದಳು. ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಡಿಸಿದ್ದಳು. ವಕೀಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ಹಿಡಿದಳು.

"ತೂತೆಲ್ಲಿ?"

ತಾಯಿಯ ಬೆರಳು ಎಡಜೇಬಿನ ಕೆಳಗೆ ಹೋಗಿ ನಿಂತಿತು. ಅಲ್ಲಿ ಬರೀ ಬಟ್ಟೆಯಿತ್ತು. ಮೂವತ್ತು ವರ್ಷದಿಂದ ಕೋರ್ಟಿನ ಬೀದಿಯಲ್ಲಿ ಕೂತು ಹರಿದ ಬಟ್ಟೆಗೆ ಎಳೆಯೆಳೆ ಹೆಣೆದು ರಫೂ ಮಾಡಿದ ಕೈ. ಮಡಿಕೆಯಂಚಿನಿಂದ ಅದೇ ಬಟ್ಟೆಯ ನೂಲು ಎಳೆದುಕೊಂಡು ಹೆಣೆದರೆ ನೇಯ್ದವನಿಗೂ ಗುರುತು ಸಿಗುತ್ತಿರಲಿಲ್ಲ.

"ಒಗೆದ್ರಾ?"

"ಮೂರು ನೀರು ಮೇಡಂ. ಹರಿದದ್ದು ಕೈಗೆ ಬಂದ್ರೆ ಹಾಗೇ ಇಡೋಕೆ ಬರಲ್ಲ ನನಗೆ."

"ಪೊಲೀಸ್ರೂ ಇಷ್ಟು ಚೆನ್ನಾಗಿ ಮುಚ್ಚಿಹಾಕ್ತಿರ್ಲಿಲ್ಲಮ್ಮಾ," ಎಂದಳು ಮಗಳು.

ತಾಯಿ ತಲೆಯೆತ್ತಲಿಲ್ಲ. "ನಿನ್ನಣ್ಣ ಸಾಚಾ ಅಂತ ನಾನೆಲ್ಲಿ ಹೇಳ್ದೆ? ಎರಡು ಸಲ ಬೈಕ್ ಕದ್ದಿದ್ದ. ಬೈಕಿಗೆ ಗುಂಡಾ?"

ಅಂಗಿಯನ್ನು ಮಡಿಸುತ್ತಿದ್ದ ವಕೀಲೆ ತಟ್ಟನೆ ನಿಂತಳು. "ಸುಟ್ಟ ಅಂಚು? ಅದರ ಮೇಲೇ ಹೆಣೆದ್ರಾ?"

"ಕತ್ತರಿಸ್ದೆ. ಸುಟ್ಟ ನೂಲು ಹಿಡಿಯಲ್ಲ."

"ಒಗೆದ ಮೇಲಾ?"

"ಹರಕನ್ನ ಯಾರು ಒಗೀತಾರೆ? ನೀರಿಗೆ ಹಾಕಿದ್ರೆ ಬಾಯಿ ಬಿಡುತ್ತೆ. ಮೊದಲು ರಫೂ, ಆಮೇಲೆ ನೀರು." ತಾಯಿಯ ದನಿ ಇಳಿಯಿತು. "ಕತ್ತರಿಸಿದ ಚೂರು ಬೇರೆಯವರದಾಗಿದ್ರೆ ಎಸೀತಿದ್ದೆ. ಅವನದು ಎಸೆಯೋಕೆ ಕೈ ಬರ್ಲಿಲ್ಲ. ನೂಲಿನ ಡಬ್ಬಿಗೆ ಹಾಕ್ದೆ."

"ಆ ಎಳೆಗಳಲ್ಲಿ ಮಸಿ ಇನ್ನೂ ಇರಬಹುದು, ಕೈಯಲ್ಲಿ ಮುಟ್ಟಬೇಡಿ," ಎಂದಳು ವಕೀಲೆ. " ನೀರು ಸೋಕಿಸಬೇಡಿ. ಜಡ್ಜು ಒಪ್ತಾರೋ ಇಲ್ವೋ ನಂಗೊತ್ತಿಲ್ಲ. ಒಂದೆಳೆ ಸಿಕ್ರೂ ತನ್ನಿ."

ಮನೆಯಲ್ಲಿ, ನಡುಮಧ್ಯಾಹ್ನದ ಬೆಳಕಿನಲ್ಲಿ, ಬಿಳಿ ದುಪ್ಪಟಿ ಹಾಸಿ ಡಬ್ಬಿಯನ್ನು ಮಗುಚಿದರು. ನಾಲ್ಕು ತಿಂಗಳ ನೂಲು ಹಕ್ಕಿಗೂಡಿನಂತೆ ಗಂಟುಕಟ್ಟಿಕೊಂಡು ಬಿತ್ತು. ಖಾಕಿ ಎಳೆಗಳಿದ್ದವು, ಠಾಣೆಯವರ ಹರಕುಗಳೂ ಅವಳ ಹತ್ತಿರವೇ ಬರುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ ಕರಿ ಎಳೆಗಳಿದ್ದವು. ಬೀದಿಯ ತುಂಬ ವಕೀಲರ ಕೋಟುಗಳು.

"ಎಲ್ಲಾ ಕಪ್ಪೇ ಇದ್ಯಲ್ಲಮ್ಮಾ."

"ಅವನದಕ್ಕೆ ಬಾಲದಲ್ಲಿ ನೀಲಿ ಇರುತ್ತೆ. ಫ್ಯಾನು ಆರಿಸು."

ಹಳೇ ಕಥೆಯೊಂದರಲ್ಲಿ ಮಲತಾಯಿ ಎಳ್ಳು ಸಾಸಿವೆ ಕಲಸಿ, ಹೊತ್ತು ಮುಳುಗೋದರೊಳಗೆ ಬೇರೆ ಮಾಡು ಅಂದಳಂತೆ. ಹುಡುಗಿ ಅತ್ತಾಗ ಇರುವೆಗಳು ಸಾಲುಗಟ್ಟಿ ಬಂದು ಆರಿಸಿಕೊಟ್ಟವಂತೆ. ಮಕ್ಕಳಿಬ್ಬರನ್ನೂ ಆಚೀಚೆ ಮಲಗಿಸಿಕೊಂಡು ತಾಯಿ ಹೇಳುತ್ತಿದ್ದ ಕಥೆ. ಮಗಳು ಕಿಟಕಿ ಮುಚ್ಚಿ ಬಂದು ಎದುರಿಗೆ ಕೂತಳು. ಅಣ್ಣ ಪ್ರತಿಸಲ ಕೇಳುತ್ತಿದ್ದ ಪ್ರಶ್ನೆ ಅವಳಿಗೆ ನೆನಪಿತ್ತು: ಇರುವೆ ಬರದಿದ್ರೆ?

ತಾಯಿ ಚಿಮಟದಿಂದ ಒಂದೆಳೆ ಎತ್ತಿ ಬೆಳಕಿಗೆ ಹಿಡಿದಳು. ಕೋಟಿನದು. ಇನ್ನೊಂದು. ಅದೂ ಕೋಟಿನದು. ಸೆಕೆಗೆ ಹಣೆಯಿಂದ ಇಳಿದ ಹನಿಯೊಂದು ಮೂಗಿನ ತುದಿಗೆ ಬಂದು ನಿಂತಿತು. ಚಿಮಟವನ್ನು ಅಲುಗಿಸದೆ ಅವಳು ಮುಖವನ್ನಷ್ಟೇ ಪಕ್ಕಕ್ಕೆ ತಿರುಗಿಸಿದಳು. ಹನಿ ದುಪ್ಪಟಿಯಾಚೆ, ನೆಲದ ಮೇಲೆ ಬಿತ್ತು.