ಮಾಣಿಕ ತಟ್ಟಿದ ಬಾಗಿಲುಗಳು

ಭಾಲ್ಕಿಯ ಮುನೀರೋದ್ದೀನನ ಬ್ಯಾಂಡಿಗೆ ಮಾಣಿಕ ಬರುತ್ತಾನೋ ಇಲ್ಲವೋ ಎಂದು ಕೇಳಿಕೊಂಡೇ ಮದುವೆಯವರು ತಾರೀಖು ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. ಕಮಠಾಣದಿಂದ ಕಮಲನಗರದವರೆಗೆ ಅವನ ಕ್ಲಾರ್ನೆಟ್ ಕೇಳದ ಬೀದಿ ಇರಲಿಲ್ಲ. ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಅವನು ಊದತೊಡಗಿದರೆ ಗಂಡಿನ ಕಡೆಯವರ ಕಣ್ಣೂ ಒದ್ದೆಯಾಗುತ್ತಿದ್ದವು. ಅದೇ ಮನುಷ್ಯ ಮನೆಗೆ ಬರುವ ಸಪ್ಪಳ ಕೇಳಿದರೆ ಹೆಂಡತಿ ಸಪನಾ ಮಗಳು ಪ್ರಣಾಲಿಯನ್ನು ಒಳಕೋಣೆಗೆ ದಬ್ಬಿ ಚಿಲಕ ಹಾಕುತ್ತಿದ್ದಳು.

ಮೆರವಣಿಗೆಯಲ್ಲಿ ಯಾರೋ ಖುಷಿಗೆ ಕೊಟ್ಟ ಗುಟುಕಿನಿಂದ ಶುರುವಾದದ್ದು, ಹತ್ತು ವರ್ಷದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವಲ್ಲಿಗೆ ಬಂದು ನಿಂತಿತ್ತು. ಒಂದು ದಿನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಸಪನಾಳನ್ನು ಗೋಡೆಗೆ ನೂಕಿದ. ಕೈ ಮುರಿಯಿತು. ದವಾಖಾನೆಯಲ್ಲಿ ಮಾಳಿಗೆಯ ಮೆಟ್ಟಿಲಿಂದ ಬಿದ್ದಳೆಂದು ಅವನೇ ಹೇಳಿದ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಸಪನಾ ಮನೆಗೆ ತಿರುಗಿ ಬರದೆ, ಮಗಳ ಜೊತೆ ಕಮಲನಗರದ ತನ್ನ ಅಣ್ಣ ನಾಗಸೇನನ ಮನೆ ಸೇರಿದಳು.

ಹೆಂಡತಿ ಯಾಕೆ ಹೋದಳೆಂದು ಜನ ಕೇಳಿದರು. ಮಾಣಿಕ ಬಾಯಿಗೆ ಬಂದದ್ದು ಹೇಳಿದ. “ಆಕಿ ನಡತಿ ನೆಟ್ಟಗಿಲ್ರಿ. ಅದಕ್ಕ ನಾನೇ ಹೊರಗ ಹಾಕೀನಿ.” ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಹೇಳುವುದು ಸುಲಭವಾಯಿತು. ಆ ಮಾತು ಭಾಲ್ಕಿಯಿಂದ ಬೀದರಕ್ಕೂ ಮುಟ್ಟಿತು.

ಮುಂದಿನ ಬೇಸಿಗೆಯಲ್ಲಿ ಒಂದು ಮೆರವಣಿಗೆಯ ನಡುವೆ ಮಾಣಿಕ ಕುಸಿದು ಬಿದ್ದ. ಬೀದರದ ದವಾಖಾನೆಯಲ್ಲಿ ಡಾಕ್ಟರು, “ಇನ್ನೊಮ್ಮೆ ಕುಡದ್ರ ಇಲ್ಲಿಗಿ ತರಬ್ಯಾಡ್ರಿ” ಎಂದುಬಿಟ್ಟರು. ನೋಡಲು ಬಂದವಳು ಅವನ ಅಕ್ಕ ಮೀರಾಬಾಯಿ ಒಬ್ಬಳೇ. ಅವರ ಮನೆತನ ಹಿಂದಿನ ತಲೆಮಾರಿನಲ್ಲಿ ಬೌದ್ಧರಾದದ್ದು. ಮೀರಾಬಾಯಿ ಮಾತ್ರ ಔರಾದದ ಒಂದು ಕ್ರೈಸ್ತ ಮನೆಗೆ ಸೊಸೆಯಾಗಿ ಹೋಗಿದ್ದಳು. ಅವಳೇ ತಮ್ಮನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಔರಾದಕ್ಕೆ ತಂದಳು.

ಮೊದಲ ಎಂಟು ದಿನ ನರಕ. ಮೈಯೆಲ್ಲ ಬೆವರು, ನಡುಕ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ತಿಂದದ್ದೆಲ್ಲ ಕಾರಿಕೊಳ್ಳುವುದು. ಮೀರಾಬಾಯಿಯ ಗಂಡ ದುಡಿಮೆಗೆಂದು ಹೈದರಾಬಾದಿನಲ್ಲಿದ್ದ. ಹೆಣ್ಣುಮಗಳೊಬ್ಬಳ ಕೈಲಾಗದ ಕೆಲಸಕ್ಕೆ ದಿನಾ ಒಬ್ಬರು ಬಂದು ನಿಲ್ಲುತ್ತಿದ್ದರು. ಅವರೇ ಅಕ್ಕ ಹೋಗುವ ಕ್ರೈಸ್ತ ಸಭೆಯ ಗುರುನಾಥ ಪಾಸ್ಟರು. ವಾರವಿಡೀ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಆದಿತ್ಯವಾರ ಪ್ರಾರ್ಥನೆ ನಡೆಸುತ್ತಿದ್ದರು. ಬಂದು, ಮಾಣಿಕನನ್ನು ಎತ್ತಿ ಕೂರಿಸಿ, ಬಿಸಿನೀರಲ್ಲಿ ಮೈ ತೊಳೆದು, ಗಡ್ಡ ಹೆರೆದು, ಹೊಲಸಾದ ಚಾದರ ತಾವೇ ಒಗೆದು ಹೋಗುತ್ತಿದ್ದರು. ದೇವರ ಸುದ್ದಿ ಎತ್ತುತ್ತಲೇ ಇರಲಿಲ್ಲ.

ಒಂಬತ್ತನೆಯ ದಿನ ಮಾಣಿಕನಿಗೇ ತಡೆಯಲಾಗಲಿಲ್ಲ.

“ಇದರಿಂದ ನಿಮಗೇನ್ ಬರ್ತದರಿ?”

“ಏನ್ ಬರ್ತದ?” ಪಾಸ್ಟರು ಅವನ ಬೆನ್ನು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಹದಿನಾರು ವರ್ಷದ ಹಿಂದ ನಾನೂ ಬಸ್‌ ಸ್ಟ್ಯಾಂಡಿನ ಹಿಂದ ಹಿಂಗೇ ಬಿದ್ದಿದ್ದೆ. ಒಬ್ಬಾತ ಬಂದು ನನ್ನ ಮೈ ತೊಳದ. ಯಾಕ ಅಂತ ಕೇಳ್ದಾಗ ಯೇಸುಸ್ವಾಮಿ ಹೆಸರು ಹೇಳ್ದ. ನೀ ಕೇಳಿದಿ ಅಂತ ನಾನೂ ಹೇಳ್ಲತ್ತೀನಿ.”

ಅಷ್ಟೇ ಮಾತು. ಆದರೆ ಅದರ ಮುಂದಿನ ಆದಿತ್ಯವಾರ ಮಾಣಿಕ ಅಕ್ಕನ ಹಿಂದೆ ಪ್ರಾರ್ಥನೆಗೆ ಹೋಗಿ ಬಾಗಿಲ ಬಳಿ ಕುಳಿತ. ತಗಡಿನ ಮಾಡು, ನೆಲಕ್ಕೆ ಜಮಖಾನೆ, ಮೂವತ್ತು ನಲವತ್ತು ಜನ. ಕಣ್ಣು ಮುಚ್ಚಿದಾಗ ಸಪನಾ ಮಗಳನ್ನು ಒಳಗೆ ನೂಕಿ ಚಿಲಕ ಹಾಕಿದ ಸಪ್ಪಳ ಕಿವಿಯಲ್ಲಿ ಬಂತು. ಆ ಚಿಲಕ ತನ್ನಿಂದ ಪಾರಾಗಲು ಹಾಕಿದ್ದು ಎಂಬುದು ಅವತ್ತು ಮೊದಲ ಸಲ ಅವನಿಗೆ ತಿಳಿಯಿತು. ಎದೆಯೊಳಗಿಂದ ಅಳು ಒದ್ದುಕೊಂಡು ಬಂತು. ಎಷ್ಟು ಹೊತ್ತು ಅತ್ತನೋ ಗೊತ್ತಿಲ್ಲ. ಯಾರೋ ಭುಜದ ಮೇಲೆ ಕೈ ಇಟ್ಟಿದ್ದರು. ಅಳು ನಿಂತಾಗ ಮೈ ಹಗುರಾಗಿತ್ತು. “ಯೇಸುಸ್ವಾಮಿ ನಿನ್ನ ಪಾಪ ಮಾಫ್ ಮಾಡ್ಯಾನ” ಎಂದರು ಪಾಸ್ಟರು. ನನ್ನಂಥವನನ್ನೂ ಒಬ್ಬ ದೂಡಲಿಲ್ಲ ಎಂಬ ಒಂದೇ ಮಾತು ಒಳಗೆ ತಿರುಗುತ್ತಿತ್ತು.

ಅಲ್ಲಿಂದ ನಾಲ್ಕು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಕ್ರೈಸ್ತನಾಗಲು ದೀಕ್ಷಾಸ್ನಾನ ಕೊಡಿರೆಂದು ಪಾಸ್ಟರ ಬೆನ್ನು ಹತ್ತಿದ. ದಿನ ಗೊತ್ತಾಯಿತು. ಆ ಸಂತೋಷದಲ್ಲೇ ಬಿಳಿ ಅಂಗಿ ಹಾಕಿಕೊಂಡು ಕಮಲನಗರದ ಬಸ್ಸು ಹತ್ತಿದ.

ನಾಗಸೇನ ಸಾಲೆಯ ಮಾಸ್ತರ. ಅಂಗಳದಲ್ಲಿ ಪೇಪರ್ ಓದುತ್ತ ಕುಳಿತಿದ್ದವನು ಮಾಣಿಕನನ್ನು ನೋಡಿ ಎದ್ದು ನಿಂತ. ಒಳಗೆ ಬಾ ಎನ್ನಲಿಲ್ಲ. ಸಪನಾ ಬಂದು ಹೊಸ್ತಿಲ ಮೇಲೆ ನಿಂತಳು. ಮುರಿದ ಕೈ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು.

“ಸಪನಾ, ನಾ ಮೊದಲಿನ ಮಾಣಿಕ ಅಲ್ಲ,” ಎಂದ ಅವನು ಒಂದೇ ಉಸಿರಿಗೆ. “ಕುಡಿಯೋದು ಬಿಟ್ಟೀನಿ. ಯೇಸುಸ್ವಾಮಿ ನನ್ನ ಪಾಪ ಎಲ್ಲಾ ಮಾಫ್ ಮಾಡ್ಯಾನ. ನೀ ಗಂಟು ಕಟ್ಟು, ಮನಿಗಿ ಹೋಗೂಣ.”

ಸಪನಾ ಅವನನ್ನೇ ನೋಡಿದಳು. ಕೂಗಾಡಲಿಲ್ಲ.

“ಮಾಫ್ ಮಾಡ್ಯಾನ?” ಎಂದಳು. “ಹೊಡಸ್ಕೊಂಡಾಕಿ ನಾನು. ಊರ ಮುಂದ ನಡತಿಗೆಟ್ಟಾಕಿ ಅನಸ್ಕೊಂಡಾಕಿ ನಾನು. ಮಾಫ್ ಮಾಡೂಕಿಂತ ಮೊದಲ ನಿಮ್ಮ ದೇವ್ರು ನನ್ನ ಒಂದ್ ಮಾತು ಕೇಳಬಾರದಿತ್ತೇನ್ರಿ?”

ಮಾಣಿಕ ನಾಗಸೇನನ ಕಡೆ ನೋಡಿದ.

“ನೋಡು ಮಾಣಿಕ,” ಎಂದ ನಾಗಸೇನ. “ನಮ್ಮ ಹಿರೇರು ಒಂದು ದಾರಿ ಹಿಡದ್ರು, ನೀ ಇನ್ನೊಂದು ಹಿಡದಿ. ಅದು ನಿನ್ನ ಖುಷಿ. ಆದ್ರ ನನ್ನ ತಂಗಿ ಹೆಸರಿಗಿ ನೀ ಬಳದ ಕೆಸರು ಹಂಗೇ ಅದ. ನೀ ನಡಿ.”

ಔರಾದಕ್ಕೆ ಬಂದಿಳಿದಾಗ ಸಂಜೆಯಾಗಿತ್ತು. ಬಸ್‌ ಸ್ಟ್ಯಾಂಡಿನ ಎದುರಿನ ಸಾರಾಯಿ ಅಂಗಡಿಯವರೆಗೆ ಕಾಲು ತಾವಾಗಿ ನಡೆದವು. ಕೌಂಟರಿನ ಮುಂದೆ ನಿಂತ. ಅಂಗಡಿಯವ ಏನು ಬೇಕೆಂದು ಎರಡು ಸಲ ಕೇಳಿದ. ಮಾಣಿಕ ತಿರುಗಿ, ಹೆಚ್ಚುಕಡಿಮೆ ಓಡುತ್ತಲೇ ಪಾಸ್ಟರ ಅಂಗಡಿಗೆ ಹೋದ. ಅವರು ಯಾರದೋ ಪಾಯಜಾಮೆ ಹೊಲಿಯುತ್ತಿದ್ದರು. ಎಲ್ಲ ಕೇಳಿ ಮಷಿನ್ ನಿಲ್ಲಿಸಿದರು.

“ಆಕಿ ಕೇಳಿದ್ದು ಸರಿ ಅದ,” ಎಂದರು.

“ಹಂಗಾರ ನನಗ ಮಾಫಿ ಸಿಕ್ಕಾದ ಅಂತ ನೀವು ಹೇಳಿದ್ದು ಸುಳ್ಳೇನ್ರಿ?”

“ಸುಳ್ಳಲ್ಲ. ಆದ್ರ ಆ ಮಾಫಿ ಹಿಂದ ನೀ ಅಡಗಿ ಕೂಡ್ಲಿ ಅಂತ ಕೊಟ್ಟಿದ್ದಲ್ಲ. ಆಕಿ ಮುಂದ ನಿಂದ್ರಲಿಕ್ಕ ಧೈರ್ಯ ಬರ್ಲಿ ಅಂತ ಕೊಟ್ಟಿದ್ದು. ನೀ ಇವತ್ತು ಮಾಫಿ ಬೇಡ್ಲಿಲ್ಲ, ಗಂಟು ಕಟ್ಟು ಅಂತ ಹುಕುಂ ಮಾಡಿ ಬಂದಿ. ತಪ್ಪು ನಂದೂ ಅದ. ನಿನ್ನ ಅಳು ನೋಡಿ ನಾನೂ ಜಲ್ದಿ ಮಾಡ್ದೆ.” ಆಮೇಲೆ ಕೇಳಿದರು, “ಆಕಿ ಮ್ಯಾಲ ಎಷ್ಟು ಮಂದಿ ಮುಂದ ಸುಳ್ಳು ಹೇಳಿದಿ?”

ಮಾಣಿಕ ನೆನಪು ಮಾಡಿಕೊಂಡ. ಹನ್ನೊಂದು ಮನೆ.

“ದೀಕ್ಷಾಸ್ನಾನ ತಡ ಆದ್ರ ಆಗ್ಲಿ. ಮೊದಲ ಅಲ್ಲಿ ಹೋಗಿ ಬಾ.”

ಮರುದಿನದಿಂದ ಮಾಣಿಕ ಆ ಮನೆಗಳ ಬಾಗಿಲು ತಟ್ಟತೊಡಗಿದ. ಹೇಳಬೇಕಾದದ್ದು ಮೂರೇ ಮಾತು. ಸಪನಾ ಮೆಟ್ಟಿಲಿಂದ ಬೀಳಲಿಲ್ಲ, ನಾ ನೂಕಿದೆ. ಆಕಿ ನಡತಿ ಮ್ಯಾಲ ಹೇಳಿದ್ದು ಸುಳ್ಳು. ನೀವು ಯಾರ ಮುಂದ ಆ ಮಾತು ಆಡೀರೋ ಅವ್ರಿಗೂ ಅದು ಸುಳ್ಳು ಅಂತ ಹೇಳ್ರಿ. ಮೊದಲ ಮನೆಯಲ್ಲಿ ಈ ಮೂರು ಮಾತಿಗೆ ಅರ್ಧ ತಾಸು ಹಿಡಿಯಿತು. ಕಮಠಾಣದ ಸೋದರತ್ತೆ ಕೇಳಿ, ಚಪ್ಪಲಿ ತೆಗೆದುಕೊಂಡು ಒಂದು ಬಾರಿಸಿ, ಆಮೇಲೆ ತಾನೇ ಅಳುತ್ತ ಕುಳಿತಳು. ಮನ್ನಳ್ಳಿಯಲ್ಲೊಬ್ಬ ನಕ್ಕು, “ಅದು ನಮಗ ಮೊದಲೇ ಗೊತ್ತಿತ್ತು ತಗೋ” ಎಂದ. ಗೊತ್ತಿದ್ದೂ ಸುಮ್ಮನಿದ್ದ ಅವನ ನಗು ಚಪ್ಪಲಿಗಿಂತ ಜೋರಾಗಿ ಬಿತ್ತು. ಬೀದರದ ಕಾಕಾ ದತ್ತಾತ್ರಿ ಮಾತ್ರ ಕೆಂಡವಾದ. “ಮುಗದ ಸುದ್ದಿ ಮತ್ತ ಯಾಕ ಕೆದರ್ತಿ? ಮನಿತನದ ಇಜ್ಜತ್ ಕಳೀಲಿಕ್ಕ ಬಂದಿ? ಮತ್ತ ಈ ಬಾಗಿಲಿಗಿ ಬರಬ್ಯಾಡ” ಎಂದು ಕದ ಹಾಕಿಕೊಂಡ.

ಕಡೆಗೆ ಉಳಿದದ್ದು ಮುನೀರೋದ್ದೀನನ ಮನೆ. ಬ್ಯಾಂಡಿನ ಹುಡುಗರೆಲ್ಲ ಡೋಲು ಬಿಗಿಯುತ್ತ ಕುಳಿತಿದ್ದರು. ಮಾಣಿಕ ಅವರೆಲ್ಲರ ಮುಂದೆಯೇ ಹೇಳಿದ. ಮುದುಕ ಮುನೀರೋದ್ದೀನ ಗಡ್ಡ ನೀವಿಕೊಂಡ.

“ನೀ ಹೇಳ್ದಿ ಅಂತ ನಾನೂ ನಾಕು ಮಂದಿಗಿ ಹೇಳೀನಿ ಬೇಟಾ,” ಎಂದ. “ಈಗ ನಾ ಎಲ್ಲಿ ಹೋಗ್ಲಿ?”

“ನಂದೇ ತಪ್ಪು ಚಾಚಾ.”

“ಇಲ್ಲ. ಹೇಳಿದ ನಾಲಿಗಿ ನಂದಲ್ಲೇನು?” ಎಂದು ಎದ್ದು, ಟೋಪಿ ಹಾಕಿಕೊಂಡು ಹೊರಟೇಬಿಟ್ಟ. ಆ ನಾಲ್ಕು ಮನೆಗೂ ಅವತ್ತೇ ಹೋಗಿ ಬಂದನಂತೆ.

ಮುಂದಿನ ಶನಿವಾರ ಸಪನಾ ಮಗಳನ್ನು ಕರೆದುಕೊಂಡು ಔರಾದಕ್ಕೆ ಬಂದಳು. ಮೀರಾಬಾಯಿ ಗಡಿಬಿಡಿಯಲ್ಲಿ ಚಹಾ ಇಟ್ಟಳು. ಮಾಣಿಕ ನೆಲಕ್ಕೆ ಕುಳಿತ.

“ಎಲ್ಲಾ ಕಡಿ ಹೋಗಿ ಬಂದ್ರಂತ,” ಎಂದಳು ಸಪನಾ. “ಈಕಿಗಿ ಹೇಳೀರೇನು? ಆ ಮಾತು ಸಾಲ್ಯಾಗ ಈಕಿ ಕಿವಿಗೂ ಬಿದ್ದದ.”

ಒಂಬತ್ತನೆಯ ತರಗತಿಯ ಪ್ರಣಾಲಿ ಗೋಡೆಗೆ ಒರಗಿ ನಿಂತಿದ್ದಳು. ಮಾಣಿಕನಿಗೆ ಹನ್ನೊಂದು ಮನೆಯಲ್ಲಿ ಬಂದ ಮಾತು ಇಲ್ಲಿ ಬರಲೊಲ್ಲದಾಯಿತು. ಕಡೆಗೂ ಹೇಳಿದ, ತಲೆ ತಗ್ಗಿಸದೆ. “ನಿಮ್ಮವ್ವನ ಕೈ ಮುರದಾಂವ ನಾನು. ಆಕಿ ಮ್ಯಾಲ ಹೇಳಿದ್ದೆಲ್ಲಾ ಸುಳ್ಳು. ನೀ ನನಗ ಹೆದರಿ ಒಳಗ ಕುಂತಿದ್ದಿ. ಅದಕ್ಕೂ ನಾನೇ ಕಾರಣ.”

ಪ್ರಣಾಲಿ ಅವ್ವನ ಬದಿಗೆ ಹೋಗಿ ನಿಂತಳು.

ಆಗ ಮಾಣಿಕ ಸಪನಾಳ ಕಡೆ ತಿರುಗಿದ. “ಮಾಫ್ ಮಾಡು ಅಂತ ಅವತ್ತು ಕೇಳ್ಲಿಲ್ಲ. ಇವತ್ತು ಕೇಳ್ಲತ್ತೀನಿ. ಮನಿಗಿ ಬಾ ಅಂತ ಕೇಳಲ್ಲ.”

“ನಾ ಬರೂದೂ ಇಲ್ಲ,” ಎಂದಳು ಸಪನಾ. ದನಿ ಮಾತ್ರ ಮೊದಲಿನಷ್ಟು ಗಡುಸಾಗಿರಲಿಲ್ಲ. “ನಿಮ್ಮ ದೇವ್ರ ದಾರಿಗೂ ಬರಲ್ಲ, ನಮ್ಮದು ನಮಗದ. ಆದ್ರ ನೀವು ಬದಲಾಗಿದ್ದು ಖರೇ ಏನಂತ ನೋಡ್ತೀನಿ. ನೋಡಲಿಕ್ಕ ಟೈಮ್ ಬೇಕು.”

“ಎಷ್ಟಾದ್ರೂ ತಗೋ.”

ಎರಡು ವಾರದ ನಂತರ ಕಾರಂಜಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮಾಣಿಕನಿಗೆ ದೀಕ್ಷಾಸ್ನಾನವಾಯಿತು. ಬೆಳಗಿನ ಬಿಸಿಲು ಆಗಷ್ಟೇ ನೀರಿಗೆ ಇಳಿದಿತ್ತು. ಸಭೆಯವರು ದಂಡೆಯ ಮೇಲೆ ಹಾಡುತ್ತಿದ್ದರು. ಸೊಂಟದ ಮಟ್ಟದ ನೀರಿನಲ್ಲಿ ಗುರುನಾಥ ಪಾಸ್ಟರು ಅವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರು. ಒಳಗೆ ಒಂದು ಗಳಿಗೆ ಎಲ್ಲವೂ ನಿಶ್ಶಬ್ದ. ಮೇಲೆ ಬಂದು ಉಸಿರೆಳೆದಾಗ ಮೂಗಿಗೆ ನೀರು ಹೋಗಿ ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕ. ಕಣ್ಣೊರೆಸಿಕೊಂಡು ನೋಡಿದರೆ ಜನರಿಂದ ದೂರ, ಜಾಲಿ ಮರದ ಕೆಳಗೆ, ಸಪನಾ ಮತ್ತು ಪ್ರಣಾಲಿ ನಿಂತಿದ್ದರು. ಅವರ ಹಿಂದೆ ಮೋಟರ್ ಸೈಕಲ್ ಮೇಲೆ ಕುಳಿತ ನಾಗಸೇನ. ಬರುತ್ತೇವೆಂದು ಯಾರೂ ಹೇಳಿರಲಿಲ್ಲ.

ಮಾಣಿಕ ಒದ್ದೆ ಬಟ್ಟೆಯಲ್ಲೇ ಅವರ ಬಳಿ ಹೋದ.

“ಥಂಡಿ ಹತ್ತತದ, ಮೊದಲ ಮೈ ಒರಸ್ಕೋರಿ,” ಎಂದಳು ಸಪನಾ. ಅಣ್ಣನ ಕಡೆ ಒಮ್ಮೆ ನೋಡಿ ಮುಂದುವರಿಸಿದಳು, “ಬರೋ ಆದಿತ್ಯವಾರ ನಿಮ್ಮ ಪ್ರಾರ್ಥನಿ ಮುಗಿಸ್ಕೊಂಡು ಕಮಲನಗರಕ್ಕ ಬರ್ರಿ. ಊಟ ಮಾಡಿ, ಸಂಜಿ ಬಸ್ಸಿಗಿ ತಿರುಗಿ ಹೋಗ್ಬೇಕು.”

“ಹೋಗ್ತೀನಿ.”

“ಎರಡೂಕಾಲ್‌ಕ್ಕ ಔರಾದದಿಂದ ಒಂದು ಬಸ್ ಅದ ಪಪ್ಪಾ,” ಎಂದಳು ಪ್ರಣಾಲಿ, ನೆಲ ನೋಡುತ್ತ. “ಅದು ಬಿಟ್ರ ನಾಕಕ್ಕೇ.”

ಮಾಣಿಕ ಎರಡೂಕಾಲಿನ ಬಸ್ಸಿಗೇ ಹೋದ. ಆ ವಾರವೂ, ಅದರ ಮುಂದಿನ ವಾರವೂ.