ಮೊಳೆಯ ಮೇಲಿನ ಜೋಡಿ ಹುರಿ

ನಾನು ಒಂದು ಹುರಿ. ನೀಲಿ ಪ್ಲಾಸ್ಟಿಕ್ಕಿನವಳು. ಹುಟ್ಟಿದ್ದು ಕಾರ್ಖಾನೆಯಲ್ಲಿ, ಹೆಸರಿಟ್ಟವರಿಲ್ಲ, ಸುತ್ತಿಟ್ಟವರಿದ್ದರು. ಮಳವಳ್ಳಿ ಕಡೆಯ ಗದ್ದೆಯಲ್ಲಿ ಯಂತ್ರವೊಂದು ನನ್ನನ್ನೂ ನನ್ನ ತಂಗಿಯನ್ನೂ ಭತ್ತದ ಹುಲ್ಲಿನ ಕಟ್ಟಿಗೆ ಬಿಗಿಯಿತು. ಕಟ್ಟಿಕೊಂಡ ಮೇಲೆ ಬಾಳು ಮುಗೀತು ಅಂದುಕೊಂಡೆ. ಬಿಚ್ಚಿದ ಮೇಲೇ ಶುರುವಾಗಿದ್ದು.

ನಮ್ಮನ್ನು ಕೊಂಡು ತಂದವನು ಮರೀಗೌಡ. ಮುರಿದದ್ದನ್ನೆಲ್ಲ ಹುರಿಯಲ್ಲಿ ಕಟ್ಟಿ "ಸದ್ಯಕ್ಕೆ ಇರ್ಲಿ" ಅನ್ನುವವನು. ಅವನ ಮನೆಯ ಗೇಟು, ಬಕೆಟ್ಟು, ಕನ್ನಡಕ ಎಲ್ಲವೂ ಸದ್ಯಕ್ಕೆ ಇದ್ದವು, ವರ್ಷಗಟ್ಟಲೆ.

ಹೆಂಡತಿ ನಿಂಗಾಜಮ್ಮನದು ಒಂದೇ ಕಟ್ಟಳೆ. ಕಟ್ಟು ಬಿಚ್ಚಿದರೆ ಎರಡೂ ಹುರಿ ಕೊಟ್ಟಿಗೆಯ ಮೊಳೆಗೆ ಬೀಳಬೇಕು, ಆಮೇಲೆ ಹಸುವಿಗೆ ಹುಲ್ಲು. ಹುರಿ ನುಂಗಿದ ಹಸು ಉಳಿಯುವುದಿಲ್ಲ. ಹಿಂದೊಂದನ್ನು ಹಾಗೇ ಕಳಕೊಂಡಿದ್ದಳು.

ಆ ಬೆಳಿಗ್ಗೆ ಅವಳು ನಮ್ಮಿಬ್ಬರನ್ನೂ ಮೊಳೆಗೆ ಹಾಕಿ, ಹುಲ್ಲುಣಿಸಿ ನೀರಿಗೆ ಹೋದಳು. ಅಷ್ಟರಲ್ಲಿ ಮರೀಗೌಡನ ಪಟಾಪಟಿ ಚಡ್ಡಿಯ ಲಾಡಿ ಕಿತ್ತುಹೋಯಿತು. ಕೈಗೆ ಸಿಕ್ಕವಳು ನಾನು. ಸದ್ಯಕ್ಕೆ.

ಮಧ್ಯಾಹ್ನ ಗೌರಿ ಹಸು ಮೇವು ಮುಟ್ಟಲಿಲ್ಲ. ನಿಂಗಾಜಮ್ಮ ಮೊಳೆ ನೋಡಿದಳು. ತಂಗಿ ಒಬ್ಬಳೇ ನೇತಾಡುತ್ತಿದ್ದಳು. ಹಾಕಿದೆನೋ, ಹಾಕಿದೆ ಅಂದುಕೊಂಡೆನೋ ಎಂದು ಅವಳಿಗೇ ಅನುಮಾನ. ಗೋದಲಿ ಕೆದಕಿದಳು, ಸಗಣಿ ಕೆದಕಿದಳು. ಮರೀಗೌಡನೂ ಜೊತೆಗೆ ಬಗ್ಗಿ ಹುಡುಕಿದ, ಅಂಗಿಯಡಿ ನನ್ನನ್ನೇ ಬಿಗಿದುಕೊಂಡಿದ್ದು ಮರೆತು. ನನಗೆ ಗಂಟಿದೆ, ಗಂಟಲಿಲ್ಲ.

ಹೊಟ್ಟೆ ಕೊಯ್ಯಿಸಲು ಆಸ್ಪತ್ರೆಗೆ ಸಾಗಿಸಬೇಕೆಂದು ಟೆಂಪೋ ಬಂತು. ಗೌರಿಯನ್ನು ಹತ್ತಿಸಲು ಮರೀಗೌಡ ಕೈಯೆತ್ತಿ ತಳ್ಳಿದ, ಅಂಗಿ ಮೇಲೆದ್ದಿತು.

ನಿಂಗಾಜಮ್ಮ ನೋಡುತ್ತ ನಿಂತಳು. "ಬೆಳಗಿಂದ ನನ್ನ ಜೀವ ನಿಮ್ಮ ಸೊಂಟದಲ್ಲಿತ್ತಾ?" ಎಂದು ಮೆಲ್ಲಗೆ ಕೇಳಿದಳು.

ಅವನು ನನ್ನನ್ನು ಬಿಚ್ಚಿ ಅವಳ ಕೈಗಿಟ್ಟು, ಚಡ್ಡಿ ಹಿಡಿದುಕೊಂಡು ಒಳಗೆ ಹೋದ. ಹಿಂದಿನ ದಿನದ ಬೀಗರೂಟದಲ್ಲಿ ಉಳಿದ ಅನ್ನವನ್ನು ಗೌರಿ ಮಿತಿಮೀರಿ ತಿಂದಿದ್ದಳು, ಅಷ್ಟೆ; ಔಷಧಿ ಕುಡಿದು ಸಂಜೆಗೆ ಮೆಲುಕು ಹಾಕಿದಳು.

ಆಮೇಲೆ ನಾನು ಟೊಮೇಟೊ ಗಿಡ ಹಿಡಿದೆ, ಗುದ್ದಲಿಯ ಕಾವು ಹಿಡಿದೆ. ಈಗ ಕೊಟ್ಟಿಗೆಯ ಗಳಕ್ಕೆ ಸುತ್ತಿಕೊಂಡಿದ್ದೇನೆ. ಬಿಸಿಲಿಗೆ ಎಳೆಎಳೆಯಾಗಿ ಬಿಡುತ್ತಿದ್ದೇನೆ. ಸಾಕಾಗಿದೆ.

ಮೊನ್ನೆ ನನ್ನ ತುದಿ ಜಾರಿ ಗೋದಲಿಗೆ ಇಳಿಬಿದ್ದಿತ್ತು. ಮರೀಗೌಡ ಕಂಡವನೇ ಕುಯ್ದು ಜೇಬಿಗೆ ಹಾಕಿಕೊಂಡು ಹಿತ್ತಲ ಕಡೆ ಕೂಗಿದ:

"ನಿಂಗಾಜಿ, ಒಂದು ತುಂಡು ನನ್ನ ತಾವ ಐತೆ ಕಣಮ್ಮಿ."

ಹುರಿ ಎಲ್ಲೆಂದು ಅವಳು ಕೇಳಿಯೇ ಇರಲಿಲ್ಲ.