ಅವ್ರಿಲ್ ರೋಸ್ ಮುಳುಗಿದ ಬಗೆ

ಹೆಡ್ಲಿ ಪ್ರುಯೆಟ್ ಕಾಲುವೆ ದೋಣಿ ಕೊಂಡಾಗ ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟ. ಅವಳನ್ನು ಕೇಳಿ ಇಟ್ಟದ್ದಲ್ಲ. ಮಾರ್ಕೆಟ್ ಡ್ರೇಟನ್ನಿನ ಹತ್ತಿರ ನಾವೆಲ್ಲ ದೋಣಿ ಕಟ್ಟುವ ದಂಡೆಗೆ ಅವಳನ್ನು ಕರೆತಂದು, ಕಣ್ಣಿಗೆ ಕಟ್ಟಿದ್ದ ಮಫ್ಲರ್ ಬಿಚ್ಚಿ "ನೋಡು" ಎಂದ. ಹಸಿರು ದೋಣಿಯ ಪಕ್ಕೆಯ ಮೇಲೆ ದಪ್ಪ ಹಳದಿ ಅಕ್ಷರಗಳಲ್ಲಿ 'ಅವ್ರಿಲ್ ರೋಸ್' ಎಂದು ಬರೆಸಿತ್ತು. ಅವ್ರಿಲ್ ನಕ್ಕಳು. ಪಕ್ಕದ ದೋಣಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನನಗೆ ಆ ನಗುವಿನಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು ಕಂಡಿತು. ಅವಳಿಗೆ ಈಜು ಬರುತ್ತಿರಲಿಲ್ಲ.

ಸ್ಟೋಕಿನಲ್ಲಿ ಕಾರ್ಪೆಟ್ ಅಂಗಡಿಯ ಮ್ಯಾನೇಜರ್ ಆಗಿದ್ದವನು ಹೆಡ್ಲಿ. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸಿದವಳು. ಇಬ್ಬರೂ ಕೆಲಸ ಬಿಟ್ಟ ಮೇಲೆ ಮನೆ ಮಾರಿದರು. ಮನೆ ಮಾರುವ ಯೋಚನೆಯೂ ಅವನದೇ. ಉಳಿದ ಆಯಸ್ಸನ್ನು ನೀರಿನ ಮೇಲೆ ಕಳೆಯುವುದು ಅವನ ಬಹುಕಾಲದ ಕನಸಂತೆ. ಅವಳ ಕನಸು ಏನಿತ್ತು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ.

ಮೊದಲ ವಾರವೇ ಹೆಡ್ಲಿ ದೋಣಿ ಸಾಮಾನಿನ ಅಂಗಡಿಗೆ ಹೋಗಿ ಕಾರಿನ ತುಂಬ ಹೊತ್ತು ತಂದ. ಹಿತ್ತಾಳೆಯ ಗಂಟೆ, ಚುಕ್ಕಾಣಿಗೆ ಸಿಕ್ಕಿಸುವ ಹಿತ್ತಾಳೆಯ ಹಂಸ, ಗುಲಾಬಿ ಬರೆದ ನೀರಿನ ಕ್ಯಾನು, ಲಂಗರಿನ ಚಿತ್ರವಿದ್ದ ನೀಲಿ ಟೋಪಿ. ಅವನು ಒಂದೊಂದನ್ನೇ ಹೊರಗೆ ತೆಗೆದು ಮಾಡಿನ ಮೇಲೆ ಜೋಡಿಸುತ್ತಿದ್ದಾಗ ನಾನು ಹತ್ತಿರ ಹೋದೆ.

"ಗೂಟ ಎಲ್ಲಪ್ಪಾ? ದಂಡೆಗೆ ಕಟ್ಟಕ್ಕೆ?" ಎಂದೆ.

"ದೋಣಿ ಜೊತೆ ಬಂದಿವೆ, ಥೆಲ್ಮಾ. ಒಂದು ಸ್ವಲ್ಪ ಬಾಗಿದೆ, ಪರವಾಗಿಲ್ಲ."

"ಹೊಡಿಯೋಕೆ ಸುತ್ತಿಗೆ?"

"ತರ್ತೀನಿ ಬಿಡು."

"ಲಾಕ್ ಕೀ ಎಷ್ಟಿವೆ?"

ಲಾಕ್ ಕೀ ಎಂದರೆ ಮೊಣಕೈಯಂತೆ ಬಾಗಿದ ಕಬ್ಬಿಣದ ಹಿಡಿ. ಕಾಲುವೆ ಇಳಿಯುವ ಕಡೆಯೆಲ್ಲ ಇರುವ ಲಾಕುಗಳಲ್ಲಿ, ಅಂದರೆ ಎರಡೂ ತುದಿಗೆ ಗೇಟಿದ್ದು ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಕಲ್ಲಿನ ತೊಟ್ಟಿಗಳಲ್ಲಿ, ಗೇಟಿನ ತೂಬು ಎತ್ತಿ ನೀರು ಬಿಡುವುದಕ್ಕೂ ಇಳಿಸಿ ನಿಲ್ಲಿಸುವುದಕ್ಕೂ ಅದೊಂದೇ ಸಾಧನ. ಅದಿಲ್ಲದೆ ದೋಣಿಯವರು ಮನೆಯಿಂದ ಹೊರಬೀಳುವುದಿಲ್ಲ.

"ಒಂದಿದೆ" ಎಂದ ಹೆಡ್ಲಿ.

"ಒಂದು ಸಾಲಲ್ಲ. ಎರಡು ಬೇಕೇ ಬೇಕು. ಒಂದಲ್ಲ ಒಂದಿನ ನೀರಿಗೆ ಬೀಳತ್ತೆ ಅದು. ಅವ್ರಿಲ್‌ಗೆ ಕೈಗವಸು ಕೊಡ್ಸು, ಹಿಡಿ ಒದ್ದೆಯಾದ್ರೆ ಜಾರತ್ತೆ. ಲೈಫ್ ಜಾಕೆಟ್ ಕೊಡ್ಸು. ಊದಕ್ಕೆ ಒಂದು ಸೀಟಿನೂ ಇರ್ಲಿ, ನೀನು ಎಂಜಿನ್ ಹತ್ರ ಇದ್ರೆ ಅವಳು ಕೂಗಿದ್ದು ಕೇಳಲ್ಲ."

ಹೆಡ್ಲಿ ಟೋಪಿ ಹಾಕಿಕೊಂಡು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ? ಥೆಲ್ಮಾ ನಿನ್ನನ್ನ ಯುದ್ಧಕ್ಕೆ ಕಳಿಸೋ ಹಾಗಿದೆ. ಇದು ಸಮುದ್ರ ಅಲ್ಲಮ್ಮಾ, ಸೊಂಟದ ಮಟ್ಟದ ನೀರು."

"ಲಾಕಿನೊಳಗೆ ಸೊಂಟದ ಮಟ್ಟ ಅಲ್ಲ" ಎಂದೆ.

"ಆಯ್ತಮ್ಮಾ, ಆಯ್ತು."

ಮರುದಿನ ನನ್ನ ಹತ್ತಿರ ಹೆಚ್ಚಿಗೆಯಿದ್ದ ಒಂದು ಹಳೆಯ ಕೀಯನ್ನು ಅವ್ರಿಲ್ ಕೈಗೆ ಕೊಟ್ಟೆ. ಅವಳು ಅದನ್ನು ಎದೆಗೊತ್ತಿಕೊಂಡು ಹೋದಳು. ವಾರ ಕಳೆದ ಮೇಲೆ ಅವರ ದೋಣಿಗೆ ಚಹಕ್ಕೆ ಹೋದರೆ ನನ್ನ ಕೀ ಗೋಡೆಯ ಮೇಲಿತ್ತು. ಕಪ್ಪು ಬಣ್ಣ ಬಳಿದು, ಅದರ ಮೇಲೆ ಕೆಂಪು ಗುಲಾಬಿ, ಹಸಿರೆಲೆ. ಎರಡು ಸ್ಕ್ರೂ ಹಾಕಿ ಬಿಗಿದಿದ್ದ.

"ನಾನೇ ಬರೆದೆ. ಹೆಂಗಿದೆ?" ಎಂದ ಹೆಡ್ಲಿ ಹೆಮ್ಮೆಯಿಂದ.

ಅವ್ರಿಲ್ ನನ್ನ ಮುಖ ನೋಡಲಿಲ್ಲ. ಬಿಸ್ಕತ್ತಿನ ತಟ್ಟೆ ಮುಂದಿಟ್ಟಳು.

ಆ ಬೇಸಿಗೆಯೆಲ್ಲ ಅವರು ಮೇಲೆ ಕೆಳಗೆ ಓಡಾಡಿದರು. ಹೆಡ್ಲಿ ಚುಕ್ಕಾಣಿ ಹಿಡಿದು ನಿಲ್ಲುವುದು, ದಂಡೆಯಲ್ಲಿ ನಡೆಯುವವರಿಗೆಲ್ಲ ಟೋಪಿ ಎತ್ತುವುದು. ಅವ್ರಿಲ್ ಇಳಿದು, ಓಡಿ, ಗೇಟಿನ ತೊಲೆಗೆ ಬೆನ್ನು ಕೊಟ್ಟು ತಳ್ಳುವುದು, ತೂಬು ಎತ್ತುವುದು, ಮತ್ತೆ ಓಡಿ ಬಂದು ಹತ್ತುವುದು. ನಮ್ಮ ಕಾಲುವೆಯಲ್ಲಿ ಗಂಡಸರು ನಿಲ್ಲುವುದೂ ಹೆಂಗಸರು ತಳ್ಳುವುದೂ ಹಳೆಯ ರೂಢಿ, ಅದನ್ನು ಹೆಡ್ಲಿ ಕಂಡುಹಿಡಿದದ್ದಲ್ಲ. ಆದರೆ ಅವನಷ್ಟು ಆರಾಮವಾಗಿ ನಿಂತವರನ್ನು ನಾನು ನೋಡಿರಲಿಲ್ಲ. ಅವಳ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಗಟ್ಟಿಯಾದವು. "ರೊಟ್ಟಿ ಹಿಟ್ಟು ನಾದಿದ ಕೈ ಅಲ್ವಾ, ತಡ್ಕೊಳತ್ತೆ" ಎನ್ನುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಒಂದು ದಿನ ಆಡರ್ಲಿಯ ಲಾಕುಗಳಲ್ಲಿ ಅವರು ಇಳಿಯುತ್ತಿದ್ದರು, ನಾನು ನನ್ನ ದೋಣಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದೆ. ಅವರಿಗಾಗಿ ಕೆಳಗೆ ಕಾಯುತ್ತ ದೋಣಿ ಕಟ್ಟಿ ನಿಂತಿದ್ದೆ.

ಇಳಿಯುವ ಲಾಕಿನಲ್ಲಿ ಒಂದೇ ಒಂದು ಎಚ್ಚರ ಬೇಕು. ಹಿಂದಿನ ಗೇಟಿನ ಬುಡದಲ್ಲಿ ಕಲ್ಲಿನ ಹೊಸ್ತಿಲಿದೆ. ನೀರು ತುಂಬಿದಾಗ ಕಾಣುವುದಿಲ್ಲ, ಇಳಿದಾಗ ಮೇಲೆದ್ದು ಬರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮಾತ್ರ ನೀರಿನ ಜೊತೆ ಇಳಿಯುತ್ತ ಹೋಗುತ್ತದೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಚುಕ್ಕಾಣಿ ಹಿಡಿದವನು ಆ ಗೆರೆ ದಾಟಿ ದೋಣಿಯನ್ನು ಮುಂದೆಯೇ ಹಿಡಿದಿಟ್ಟುಕೊಂಡರೆ ಆಯಿತು. ಅಷ್ಟೇ ಅವನ ಕೆಲಸ.

ಅವ್ರಿಲ್ ಮುಂದಿನ ಗೇಟಿನ ಎರಡೂ ತೂಬು ಎತ್ತಿದಳು. ಲಾಕಿನ ಪಕ್ಕದಲ್ಲಿ ನಡೆದಾಡಲು ಬಂದ ಯಾರೋ ಗಂಡಹೆಂಡತಿ ನಿಂತು ದೋಣಿಯನ್ನು ಹೊಗಳಿದರು. ಹೂವಿನ ಚಿತ್ರ ಯಾರು ಬರೆದದ್ದು ಎಂದು ಆ ಹೆಂಗಸು ಕೇಳಿದಳು. "ಇದೇನು ಮಹಾ, ತಾಳಿ, ಒಳಗಿರೋದನ್ನ ತೋರಿಸ್ತೀನಿ" ಎಂದು ಹೆಡ್ಲಿ ಎಂಜಿನ್ನನ್ನು ಸುಮ್ಮನೆ ತಿರುಗಲು ಬಿಟ್ಟು ಒಳಗೆ ಹೋದ. ಇದನ್ನು ನಾನು ನೋಡಲಿಲ್ಲ, ಅವ್ರಿಲ್ ಹೇಳಿದ್ದು. ನನಗೆ ಕೇಳಿದ್ದು ಅವಳ ಕೂಗು ಮಾತ್ರ.

"ಹೆಡ್ಲೀ! ಹಿಂದೆ ಹೋಗ್ತಿದೆ! ಹೆಡ್ಲೀ!"

ನಾನು ಕೀ ಹಿಡಿದು ದಂಡೆ ಏರಿ ಓಡಿದೆ. ಅಷ್ಟರಲ್ಲಿ ಅವ್ರಿಲ್ ತೂಬು ಇಳಿಸಲು ಗೇಟಿನ ಹಲಗೆಯ ಮೇಲೆ ಓಡಿದ್ದಳು. ಕೈಗವಸಿಲ್ಲದ ಕೈ, ಒದ್ದೆ ಕಬ್ಬಿಣ. ಕೀ ಜಾರಿ ನೀರಿಗೆ ಬಿತ್ತು. ನಾನು ಮೇಲೆ ಬಂದಾಗ ಅವಳು ತೂಬಿನ ಹಲ್ಲುಚಕ್ರವನ್ನು ಬೆರಳಿನಿಂದ ತಿರುಗಿಸಲು ಒದ್ದಾಡುತ್ತಿದ್ದಳು. ದೋಣಿ ಜಾರುಬಂಡೆಯಂತೆ ಓರೆಯಾಗಿತ್ತು. ಮೂತಿಯ ಕಡೆಯಿಂದ ಒಳಗೆ ನೀರು ನುಗ್ಗುತ್ತಿತ್ತು. ನಾನು ಒಂದು ತೂಬು ಇಳಿಸುವಷ್ಟರಲ್ಲಿ ಅವಳು ನನ್ನ ಪಕ್ಕದಿಂದ ಓಡಿಹೋಗಿ, ಮೇಲೆದ್ದು ನಿಂತ ದೋಣಿಯ ಹಿಂಭಾಗಕ್ಕೆ ಜಿಗಿದು ಒಳಗಿಳಿದಳು.

"ಬೇಡ ಕಣೇ!" ಎಂದು ಕಿರುಚಿದೆ. ಅವಳು ತಿರುಗಿ ನೋಡಲಿಲ್ಲ.

ಎರಡನೆಯ ತೂಬು ಇಳಿಸಿ ನೋಡುತ್ತೇನೆ, ಅವಳು ಅವನ ಕಾಲರ್ ಹಿಡಿದು ಮೆಟ್ಟಿಲ ಮೇಲೆ ಎಳೆಯುತ್ತಿದ್ದಳು. ದೋಣಿ ಕಿರ್ರೆಂದು ಅಲುಗಿ, ಕಬ್ಬಿಣದ ಬಾಗಿಲು ಬಂದು ಅವಳ ಮಣಿಕಟ್ಟಿನ ಮೇಲೆ ಬಡಿಯಿತು. ಮುರಿದ ಸದ್ದು ನನಗೆ ಕೇಳಿಸಿತು. ಆದರೂ ಅವಳು ಕಾಲರ್ ಬಿಡಲಿಲ್ಲ. ಆ ನಡೆದಾಡುವವನೂ ನಾನೂ ಸೇರಿ ಇಬ್ಬರನ್ನೂ ಗೋಡೆಯ ಮೇಲಕ್ಕೆ ಎಳೆದುಕೊಂಡೆವು. ದೋಣಿ ಹೊಸ್ತಿಲಿಂದ ಜಾರಿ, ಗುಳುಗುಳು ಎನ್ನುತ್ತ ಲಾಕಿನ ತಳಕ್ಕೆ ಹೋಯಿತು.

ಹೆಡ್ಲಿ ಹುಲ್ಲಿನ ಮೇಲೆ ಕೂತು ಕೆಮ್ಮುತ್ತಿದ್ದ. ಅವನ ಬಲಗೈಯಲ್ಲಿ ಗುಲಾಬಿ ಬರೆದ ಕೀ ಇತ್ತು. ಸ್ಕ್ರೂ ಬಿಚ್ಚಿ ಅದನ್ನೇ ತೋರಿಸಲು ತರುತ್ತಿದ್ದ. ನಾನು ಆ ಕೀಯನ್ನು ನೋಡಿದೆ, ಅವನ ಮುಖ ನೋಡಿದೆ. ಅವನು ಅದನ್ನು ಮೆಲ್ಲಗೆ ಕೋಟಿನೊಳಗೆ ಸೇರಿಸಿಕೊಂಡ.

ಆಂಬುಲೆನ್ಸ್ ಬರುವ ಹೊತ್ತಿಗೆ ಆ ಗಂಡಹೆಂಡತಿ ಹೆಸರೂ ಹೇಳದೆ ಹೊರಟುಹೋಗಿದ್ದರು.

ಆಸ್ಪತ್ರೆಯಲ್ಲಿ ಅವ್ರಿಲ್ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ನಾನು ದ್ರಾಕ್ಷಿ ತೆಗೆದುಕೊಂಡು ಹೋದಾಗ ಹೆಡ್ಲಿ ಅವಳ ಮಂಚದ ಪಕ್ಕ ಬಗ್ಗಿ ಕೂತಿದ್ದ. ನನ್ನನ್ನು ಕಂಡು ಎದ್ದು ಹೋದ.

"ನಾಳೆ ವಿಮೆಯವರು ಬರ್ತಾರಂತೆ" ಎಂದಳು ಅವ್ರಿಲ್. "ತೂಬು ಜಾಸ್ತಿ ಎತ್ತಿದೆ, ಕೀ ಬೀಳಿಸಿದೆ, ಅಷ್ಟೇ ಹೇಳು ಅಂತಾನೆ."

"ಅವನೆಲ್ಲಿದ್ದ ಅಂತ ಕೇಳಲ್ವಾ?"

"ಚುಕ್ಕಾಣಿ ಹತ್ರ ಅಂತ ಹೇಳ್ಬೇಕಂತೆ."

"ಅವ್ರಿಲ್!"

"ಅಳ್ತಿದ್ದ ಕಣೇ, ಥೆಲ್ಮಾ. ದೋಣಿ ಕ್ಲಬ್ಬಲ್ಲಿ ಮುಖ ಎತ್ತಕ್ಕಾಗಲ್ಲ ಅಂತ. ಮದುವೆಯಾದಾಗಿಂದ ಅವನು ಅತ್ತಿದ್ದನ್ನ ನಾನು ನೋಡೇ ಇರ್ಲಿಲ್ಲ." ದ್ರಾಕ್ಷಿಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ, "ಕೀ ಬೀಳಿಸಿದ್ದಂತೂ ನಾನೇ ಅಲ್ವಾ" ಎಂದಳು.

ವಿಮೆಯವನು ನನ್ನನ್ನೂ ಕೇಳಿದ. ಬಣ್ಣದ ಕೀಯ ವಿಷಯ ಹೇಳಿದೆ. ಅವನು ಸೌಜನ್ಯದಿಂದ, "ನೀವು ಬಂದಿದ್ದು ಕೂಗು ಕೇಳಿದ ಮೇಲೆ ತಾನೇ? ಮೊದಲು ಏನಾಯ್ತು ಅಂತ ನೋಡಿಲ್ಲ" ಎಂದ. ನೋಡಿರಲಿಲ್ಲ. ಅಲ್ಲಿಗೆ ಮುಗಿಯಿತು.

ಅವಳು ಗಂಡನ ಮಾನ ಉಳಿಸಲು ಒಂದು ಸಲ ಹೇಳಿದ ಸುಳ್ಳನ್ನು ಅವನು ನಿಲ್ಲಿಸಲಿಲ್ಲ. ಪಬ್ಬಿನಲ್ಲಿ ಕೇಳಿದವರಿಗೆಲ್ಲ ಹೇಳಿದ. ಮೊದಮೊದಲು ತಗ್ಗಿದ ದನಿಯಲ್ಲಿ, ಆಮೇಲೆ ನಗಿಸುತ್ತ, ಆಮೇಲೆ ಅವಳು ಹಲಗೆಯ ಮೇಲೆ ಓಡಿದ್ದನ್ನು ಕೈಬಾಯಿ ತಿರುಗಿಸಿ ಅಭಿನಯಿಸುತ್ತ. ದೋಣಿಗೆ ಅವಳ ಹೆಸರಿದ್ದದ್ದು ಜನಕ್ಕೆ ಇನ್ನೂ ಅನುಕೂಲವಾಯಿತು.

"ಅವ್ರಿಲ್‌ನ ಎತ್ತೋಕೆ ಕ್ರೇನೇ ಬೇಕಾಯ್ತಂತಲ್ಲಪ್ಪಾ!"

"ತಳದಲ್ಲಿ ಕೆಸರು ತುಂಬಿತ್ತಂತೆ!"

ಅವಳು ಪಕ್ಕದ ಮೇಜಿನಲ್ಲಿಯೇ ಇರುತ್ತಿದ್ದಳು, ಎಡಗೈಯಲ್ಲಿ ಲೋಟ ಹಿಡಿದು. ಬಲಗೈ ಆಗಲೇ ವಕ್ರವಾಗಿ ಕೂಡಿಕೊಂಡಿತ್ತು.

ಆ ಚಳಿಗಾಲ ಕ್ಲಬ್ಬಿನವರು ಹೊಸದಾಗಿ ದೋಣಿ ಕೊಂಡವರಿಗೆ ಒಂದು ಮಧ್ಯಾಹ್ನದ ತರಗತಿ ಇಟ್ಟರು. ಮಾತನಾಡಲು ಕರೆದದ್ದು ಹೆಡ್ಲಿಯನ್ನು. ಪೆಟ್ಟು ತಿಂದವನಿಗೆ ಅನುಭವ ಹೆಚ್ಚೆಂದು ಅವರ ಲೆಕ್ಕ. ಮೇಜಿನ ಮೇಲೆ ಗೂಟ, ಸುತ್ತಿಗೆ, ಹಗ್ಗ, ಲೈಫ್ ಜಾಕೆಟ್, ಸೀಟಿ, ಕೈಗವಸು ಎಲ್ಲ ಜೋಡಿಸಿಟ್ಟಿದ್ದ. ನಾನು ಹೇಳಿದ್ದ ಸಾಮಾನೇ ಎಲ್ಲ. ಹಿಂದೆ ಚಹದ ಮೇಜಿನ ಹತ್ತಿರ ಅವ್ರಿಲ್ ಕಪ್ಪುಗಳನ್ನು ಜೋಡಿಸುತ್ತಿದ್ದಳು.

"ಇದು ಎಲ್ಲಕ್ಕಿಂತ ಮುಖ್ಯ" ಎಂದು ಹೆಡ್ಲಿ ಎರಡು ಹೊಚ್ಚ ಹೊಸ ಕೀಗಳನ್ನು ಎತ್ತಿ ಹಿಡಿದ. "ಒಂದಲ್ಲ, ಎರಡು ಇಟ್ಕೊಳ್ಳಿ. ಯಾಕೆ ಹೇಳಿ? ಒಂದು ನೀರಿಗೆ ಬೀಳತ್ತೆ. ಯಾಕೆ ಬೀಳತ್ತೆ? ಅದು ನಿಮ್ಮ ಹೆಂಡ್ತಿ ಕೈಲಿರತ್ತೆ!"

ಸಭೆ ಗೊಳ್ಳೆಂದಿತು. ಅವ್ರಿಲ್ ಕೆಟಲ್ ಕೆಳಗಿಟ್ಟಳು.

"ಹೆಡ್ಲಿ, ಆಗ ನೀನೆಲ್ಲಿದ್ದೆ?"

"ಏನಂದೆ?"

"ತೂಬು ಎತ್ತಿದಾಗ ಚುಕ್ಕಾಣಿ ಹತ್ರ ಯಾರಿದ್ರು ಅಂತ ಹೇಳು ಇವರಿಗೆ."

ಹೆಡ್ಲಿ ಸಭೆಗೆ ಕಣ್ಣು ಮಿಟುಕಿಸಿದ. "ನೋಡಿದ್ರಾ, ಇನ್ನೂ ಕೋಪ ಇಳಿದಿಲ್ಲ."

"ಕೀ ನನ್ನ ಕೈಯಿಂದಾನೇ ಬಿತ್ತು" ಎಂದಳು ಅವಳು. "ಆದ್ರೆ ಅಷ್ಟೊತ್ತಿಗೆ ದೋಣಿ ಹೊಸ್ತಿಲ ಮೇಲೆ ಕೂತಾಗಿತ್ತು. ಇವನು ಒಳಗಿದ್ದ. ಗೋಡೆಗೆ ಬಿಗಿದಿದ್ದ ಬಣ್ಣದ ಕೀನ ಯಾರಿಗೋ ತೋರ್ಸಕ್ಕೆ ಬಿಚ್ತಿದ್ದ. ಇವನನ್ನ ಎಳ್ಕೊಂಡು ಬಂದಿದ್ದು ನಾನು."

ಕುರ್ಚಿಗಳು ಕಿರುಗುಟ್ಟಿದವು. ಕ್ಲಬ್ಬಿನ ಕಾರ್ಯದರ್ಶಿ, ಒಳ್ಳೆಯ ಹೆಂಗಸು, ಎದ್ದು ಅವಳ ಹೆಗಲ ಮೇಲೆ ಕೈಯಿಟ್ಟಳು. "ವಿಮೆಯವರ ಮುಂದೆ ನೀವೇ ಬೇರೆ ಥರ ಹೇಳಿದ್ರಲ್ಲಮ್ಮಾ?"

"ಹೇಳಿದ್ದೆ."

"ಮತ್ತೆ?"

ನಾನು ಎದ್ದು ನಿಂತೆ. "ಅವನ ಕೈಯಲ್ಲಿ ಆ ಕೀ ಇತ್ತು. ನಾನೇ ನೋಡಿದೀನಿ."

"ಥೆಲ್ಮಾ ನಮ್ಮ ಅವ್ರಿಲ್‌ನ ಜೀವದ ಗೆಳತಿ" ಎಂದ ಹೆಡ್ಲಿ ಮೃದುವಾಗಿ, ಎಲ್ಲರಿಗೂ ಅರ್ಥವಾಗುವಂತೆ.

ಮುಂದಿನ ಸಾಲಿನ ಒಬ್ಬ ಗಂಟಲು ಸರಿಮಾಡಿಕೊಂಡು, ಹಗ್ಗ ಎಷ್ಟು ದಪ್ಪ ಇರಬೇಕು ಎಂದು ಕೇಳಿದ. ಎಲ್ಲರಿಗೂ ಉಸಿರು ಬಂದಂತಾಯಿತು. ಹೆಡ್ಲಿ ಹಗ್ಗ ಕೈಗೆತ್ತಿಕೊಂಡ.

ಅವ್ರಿಲ್ ಕೋಟು ಹಾಕಿಕೊಂಡು ಹೊರಗೆ ಬಂದಳು. ಬಲಗೈ ತೋಳಿನೊಳಗೆ ಹೋಗದೆ ನಾನೇ ಹಾಕಿಸಬೇಕಾಯಿತು. "ನಂಬಲ್ಲ ಅಂತ ಗೊತ್ತಿತ್ತು" ಎಂದಳು. "ಆದ್ರೂ ಅವನ ಮುಖ ಒಂಚೂರಾದ್ರೂ ಬಣ್ಣಗೆಡತ್ತೆ ಅನ್ಕೊಂಡಿದ್ದೆ." ಆ ವಾರವೇ ಅವನನ್ನು ಬಿಟ್ಟು ಕ್ರೂ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೋದಳು.

ವಿಮೆಯ ಹಣದಿಂದ ಹೆಡ್ಲಿ ಬೇರೆ ದೋಣಿ ಕೊಂಡ. ಮರುವರ್ಷ ನೋರೀನ್ ಎಂಬವಳು ಅವನ ಜೊತೆ ಬಂದು ಸೇರಿದಳು. ನಗುಮುಖದವಳು, ಗೇಟುಗಳನ್ನು ತಳ್ಳುವುದರಲ್ಲಿ ಗಟ್ಟಿಗಿತ್ತಿ. ಒಂದು ದಿನ ನೀರು ತುಂಬಿಸುವ ನಲ್ಲಿಯ ಹತ್ತಿರ ಸಿಕ್ಕಾಗ ಅವಳಿಗೆ ಎಲ್ಲ ಹೇಳಿದೆ.

ಇದಾದ ಮೇಲೆ ಕ್ರೂಗೆ ಹೋಗಿದ್ದೆ. ಅವ್ರಿಲ್ ಆಗ ಒಂದು ಶಾಲೆಯಲ್ಲಿ ಮಕ್ಕಳ ತಟ್ಟೆ ಒರೆಸುವ ಕೆಲಸಕ್ಕೆ ಸೇರಿದ್ದಳು. ಅಡುಗೆಯ ದೊಡ್ಡ ಪಾತ್ರೆ ಎತ್ತಲು ಕೈ ಬರುತ್ತಿರಲಿಲ್ಲ. ತಂಗಿಯ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಚಹ ಕುಡಿದೆವು. ಹೆಡ್ಲಿಯ ಸುದ್ದಿ ಅವಳು ಕೇಳಲಿಲ್ಲ. ನೋರೀನ್ ಸುದ್ದಿ ಕೇಳಿದಳು.

"ಅವಳಿಗೆ ಹೇಳಿದ್ಯಾ?"

"ಹೇಳಿದೆ."

"ಏನಂದ್ಲು?"

"ನಕ್ಕಳು. ಹೆಡ್ಲಿ ಆಗ್ಲೇ ಎಲ್ಲಾ ಹೇಳಿದಾನೆ, ಮೊದಲನೆಯವಳಿಗೆ ಹೊಟ್ಟೆಕಿಚ್ಚಂತಲ್ಲಾ, ಅಂದ್ಲು."

ಅವ್ರಿಲ್ ಎಡಗೈಯಿಂದ ಕೆಟಲ್ ಎತ್ತಿ ನನ್ನ ಕಪ್ಪಿಗೆ ಇನ್ನಷ್ಟು ಚಹ ಬಗ್ಗಿಸಿದಳು.

"ಅವಳದೇನೂ ತಪ್ಪಿಲ್ಲ" ಎಂದಳು. "ನಾನಾಗಿದ್ರೂ ಅದನ್ನೇ ಅಂತಿದ್ದೆ."